ಮಾಂಸದ ಮೇಲಣ ಮುದ್ರೆ

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಗರಿಗಳ ಆಧಾರದ ಮೇಲೆ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಸೂನಾಧ್ಯಕ್ಷ’ನೆಂಬ ಒಬ್ಬ ಅಧಿಕಾರಿಯ ಮಾತು ಬರುತ್ತದೆ. ಸೂನಾ ಎಂದರೆ ಪ್ರಾಣಿಗಳನ್ನು ಕೊಯ್ಯುವ ಸ್ಥಳ. ಅದರ ಮೇಲ್ವಿಚಾರಕನೇ ಸೂನಾಧ್ಯಕ್ಷ. ಆತನ ಕರ್ತವ್ಯಗಳನ್ನು ಹೇಳುವ ಪುಟ್ಟ ಅಧ್ಯಾಯದಲ್ಲಿ ಕುತೂಹಲಕರವಾದ ಒಂದು ವಿಧಿಯುಂಟು. ತಲೆಯಿಲ್ಲದ, ಕಾಲಿಲ್ಲದ, ಎಲುಬಿಲ್ಲದ ಮಾಂಸವನ್ನಾಗಲಿ, ನಾರುವ ಮಾಂಸವನ್ನಾಗಲಿ, ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನಾಗಲಿ ಮಾರಕೂಡದು; ಮಾರಿದವನಿಗೆ ೧೨ ಪಣ ದಂಡ. ನಾರುವ ಮಾಂಸದ ನಿಷೇಧ ಯಾರಿಗಾದರೂ ಅರ್ಥವಾಗುವಂಥದು. ಆದರೆ ತಲೆಯೂ ಕಾಲೂ ಏತಕ್ಕೆ ಬೇಕು? ಮಾರಾಟಕ್ಕಿಟ್ಟ ಮಾಂಸ ಯಾವ ಪ್ರಾಣಿಯದು, ಅದು ಹೇಗೆ ಸತ್ತಿತು ಎಂಬುದಕ್ಕೆ ಸಾಕ್ಷಿ ಮಾಂಸದ ಜೊತೆಯಲ್ಲಿಯೇ ಇರಲಿ ಎಂಬುದು ಇದರ ತಾತ್ಪರ್ಯವಾಗಿರಬೇಕು. ಮಾರುವವನ ಬಾಯಮಾತು ಸಾಲದು, ಪ್ರಾಣಿಯೇ ಸಾಕ್ಷಿ ನುಡಿಯಬೇಕು ಎಂಬುದು ಆ ರಾಜನೀತಿಜ್ಞನ ತೀರ್ಮಾನ.

ಮಾಂಸಪರೀಕ್ಷೆಯ ಚರಿತ್ರೆಯೆಲ್ಲ ಈ ಒಂದು ತೀರ್ಮಾನದ ವಿಸ್ತರಣೆ ಎಂದರೆ ತಪ್ಪಾಗದು. ಹಳ್ಳಿಯಲ್ಲಿ ನೆರೆಮನೆಯವನು ಸಾಕಿದ ಹಂದಿಯನ್ನು ಊರೆಲ್ಲ ಬಲ್ಲದು. ಅದು ಮೇವು ಬಿಟ್ಟಿತೇ, ಕುಂಟಿತೇ ಎಂಬುದು ಕೊಳ್ಳುವವನಿಗೆ ಮೊದಲೇ ಗೊತ್ತಿರುತ್ತದೆ. ನಗರ ಬೆಳೆದಂತೆ ಹಂದಿಗೂ ಅದನ್ನು ತಿನ್ನುವವನಿಗೂ ನಡುವೆ ಹತ್ತು ಕೈಗಳು ಬಂದು ನಿಂತುವು. ಪರಿಚಯದ ಜಾಗದಲ್ಲಿ ಮುದ್ರೆ ಬಂದಿತು. ಆ ಮುದ್ರೆಯನ್ನೊತ್ತುವ ಮುನ್ನ ಏನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಮನುಷ್ಯನಿಗೆ ಎಲ್ಲಕ್ಕಿಂತ ಕಠಿಣವಾಗಿ ಕಲಿಸಿದ ಪ್ರಾಣಿ ಹಂದಿ. ಈ ಪಾಠ ಮುಖ್ಯವಾಗಿ ನಡೆದದ್ದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ. ಹಂದಿಮಾಂಸವನ್ನು ಮುಟ್ಟದ ನಮ್ಮ ವಾಚಕರಲ್ಲಿ ಅನೇಕರು ‘ಇದು ನಮಗೇಕೆ?’ ಎನ್ನಬಹುದು. ಅವರಿಗೂ ಇದರಲ್ಲಿ ಪಾಲುಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾಲಗೆಯ ಸಾಕ್ಷ್ಯ

ಹಂದಿಯ ಪರೀಕ್ಷೆಯಲ್ಲಿ ಅತಿ ಪ್ರಾಚೀನವಾದುದು ನಾಲಗೆಯ ಪರೀಕ್ಷೆ. ಗ್ರೀಕ್ ಪ್ರಹಸನಕಾರ ಅರಿಸ್ಟೊಫನೀಸನು ಕ್ರಿ.ಪೂ. ೪೨೪ರಲ್ಲಿ ಆಡಿಸಿದ ‘ನೈಟ್ಸ್’ ನಾಟಕದಲ್ಲಿ, ಅಡುಗೆಯವರು ಹಂದಿಯ ಬಾಯಿಗೆ ಗೂಟವಿಟ್ಟು ನಾಲಗೆಯನ್ನು ನೋಡುವ ರೂಢಿಯನ್ನು ಹಾಸ್ಯಕ್ಕೆ ಬಳಸಿಕೊಂಡಿದ್ದಾನೆ. ಪ್ರೇಕ್ಷಕರು ನಕ್ಕಿರಬೇಕಾದರೆ ಆ ರೂಢಿ ಅವರಿಗೆಲ್ಲ ಪರಿಚಿತವಾಗಿತ್ತೆಂದೇ ಅರ್ಥ. ಮಧ್ಯಯುಗದ ಫ್ರಾನ್ಸಿನಲ್ಲಿ ಇದೇ ಒಂದು ವೃತ್ತಿಯಾಗಿ, ಅದನ್ನು ಮಾಡುವವರಿಗೆ ನಾಲಗೆ ಎಂಬರ್ಥದ ಶಬ್ದದಿಂದಲೇ ಹೆಸರು ಬಂದಿತ್ತು. ಸಂತೆಯಲ್ಲಿ ಹಂದಿಯನ್ನು ಮಗ್ಗುಲಿಗೆ ಕೆಡವಿ, ಬಾಯಿಗೆ ಅಡ್ಡಕೋಲು ಕೊಟ್ಟು, ನಾಲಗೆಯನ್ನು ಹೊರಗೆಳೆದು, ಅದರ ಅಡಿಭಾಗವನ್ನು ಬೆರಳಿನಿಂದ ತಡವಿ ನೋಡುವುದೇ ಅವರ ಕೆಲಸ. ಬೆರಳಿಗೆ ಜವೆಗೋಧಿಯ ಕಾಳಿನಂಥ ಗಂಟುಗಳು ಸಿಕ್ಕಿದರೆ ಆ ಹಂದಿ ತಿರಸ್ಕೃತ. ಗ್ರೀಕರು ಈ ಗಂಟುಗಳನ್ನು ಆಲಿಕಲ್ಲಿಗೆ ಹೋಲಿಸಿದ್ದರು.

ಆ ಆಲಿಕಲ್ಲು ಏನೆಂಬುದು ಮಾತ್ರ ಎರಡು ಸಾವಿರ ವರ್ಷಗಳವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಸ್ಯಾಕ್ಸನಿಯ ಫ್ರೀಡ್ರಿಕ್ ಕ್ಯೂಕೆನ್‌ಮೈಸ್ಟರ್ ಎಂಬ ವೈದ್ಯ ೧೮೫೫ರಲ್ಲಿ ಅದನ್ನು ನಿರ್ಧರಿಸಿದ ರೀತಿಯನ್ನು ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಗೆ, ಅವನಿಗೆ ತಿಳಿಯದಂತೆ, ಊಟದಲ್ಲಿ ಈ ಗಂಟುಗಳನ್ನು ಬೆರಸಿ ಕೊಡಲಾಯಿತು. ಶಿಕ್ಷೆ ಜಾರಿಯಾದ ಮೇಲೆ ಅವನ ಕರುಳನ್ನು ತೆರೆದು ನೋಡಿದಾಗ ಎಳೆಯ ಲಾಡಿಹುಳುಗಳು ಕಂಡುಬಂದುವು. ಹಂದಿಯ ಮಾಂಸದಲ್ಲಿನ ಗಂಟು ಲಾಡಿಹುಳುವಿನ ಶೈಶವ, ಮನುಷ್ಯನ ಕರುಳಿನಲ್ಲಿರುವುದು ಅದರ ಪ್ರಾಯ ಎಂಬುದು ಹೀಗೆ ಸ್ಥಾಪಿತವಾಯಿತು. ಇಂಥ ಪ್ರಯೋಗವನ್ನು ಇಂದು ಯಾವ ಸಭ್ಯ ಸಮಾಜವೂ ಒಪ್ಪದು. ಅಂದೂ ಅದನ್ನು ಖಂಡಿಸಿದವರಿದ್ದರು.

ಕೂದಲೆಳೆಯ ಹುಳು

ಲಾಡಿಹುಳುವಿನ ಗಂಟು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಕಣ್ಣಿಗೂ ಬೆರಳಿಗೂ ಸಿಗದ ಇನ್ನೊಂದು ಶತ್ರು ಹಂದಿಯ ಮಾಂಸದಲ್ಲಿ ಅಡಗಿತ್ತು. ೧೮೩೫ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಾಲೊಮ್ಯೂ ಆಸ್ಪತ್ರೆಯಲ್ಲಿ ಓದುತ್ತಿದ್ದ ಜೇಮ್ಸ್ ಪ್ಯಾಜೆಟ್ ಎಂಬ ವಿದ್ಯಾರ್ಥಿ ಶವವೊಂದನ್ನು ಛೇದಿಸುವಾಗ ಸ್ನಾಯುಗಳಲ್ಲಿ ಮರಳಿನಂಥ ಚುಕ್ಕೆಗಳನ್ನು ಕಂಡ. ಅಂಥ ಚುಕ್ಕೆಗಳನ್ನು ಅವನ ಗುರುಗಳೂ ಹಿಂದೆ ಕಂಡಿದ್ದರು. ಚಾಕುವಿನ ಅಲಗು ಮೊಂಡಾಗುತ್ತದೆಂದು ಗೊಣಗಿ ಸುಮ್ಮನಾಗಿದ್ದರು. ಪ್ಯಾಜೆಟ್ ಸುಮ್ಮನಾಗಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಸೂಕ್ಷ್ಮದರ್ಶಕವನ್ನು ಕೇಳಿ ಪಡೆದು ನೋಡಿದ. ಪ್ರತಿಯೊಂದು ಚುಕ್ಕೆಯೊಳಗೂ ಸುರುಳಿ ಸುತ್ತಿಕೊಂಡು ಮಲಗಿದ್ದ ಒಂದು ಹುಳು! ರಿಚರ್ಡ್ ಓವನ್ ಅದನ್ನು ವರ್ಣಿಸಿ ಟ್ರೈಕಿನ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಕೂದಲಿಗಿರುವ ಶಬ್ದದಿಂದ ಬಂದ ಹೆಸರಿದು. ಹನ್ನೊಂದು ವರ್ಷಗಳ ತರುವಾಯ ಅಮೆರಿಕದ ಜೋಸೆಫ್ ಲೈಡಿ ಇದೇ ಹುಳುವನ್ನು ಹಂದಿಯ ಮಾಂಸದಲ್ಲಿ ಕಂಡ. ಆದರೂ ಅದನ್ನು ನಿರುಪದ್ರವಿಯಾದ ಒಂದು ಸೋಜಿಗವೆಂದೇ ಪಂಡಿತರು ಎಣಿಸಿದ್ದರು.

ಆ ಭ್ರಮೆಯನ್ನು ಹರಿದದ್ದು ಒಬ್ಬ ಕೆಲಸದ ಹುಡುಗಿಯ ಸಾವು. ೧೮೬೦ರ ಜನವರಿಯಲ್ಲಿ ಡ್ರೆಸ್ಡೆನ್ ನಗರದ ಆಸ್ಪತ್ರೆಗೆ ಬಂದ ಆಕೆಗೆ ವಿಷಮಶೀತಜ್ವರವೆಂದು ವೈದ್ಯರು ತಿಳಿದರು. ಆಕೆ ತೀರಿಕೊಂಡ ಮೇಲೆ ಫ್ರೀಡ್ರಿಕ್ ಟ್ಸೆಂಕರ್ ಎಂಬ ರೋಗಶಾಸ್ತ್ರಜ್ಞ ಸ್ನಾಯುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿದಾಗ ಲೆಕ್ಕವಿಲ್ಲದಷ್ಟು ಟ್ರೈಕಿನಗಳು ಕಂಡುವು. ಟ್ಸೆಂಕರನ ಹಿರಿಮೆಯಿರುವುದು ಇದರಲ್ಲಲ್ಲ, ಅವನು ಮುಂದೆ ಮಾಡಿದ ಕೆಲಸದಲ್ಲಿ. ಹುಡುಗಿ ಕೆಲಸಕ್ಕಿದ್ದ ಮನೆಯನ್ನು ಅವನು ಹುಡುಕಿಕೊಂಡು ಹೋದ. ಕ್ರಿಸ್‌ಮಸ್ ಹಬ್ಬಕ್ಕೆ ಮುಂಚೆ ಅಲ್ಲಿ ಹಂದಿಯೊಂದನ್ನು ಕೊಯ್ದಿದ್ದರು. ಉಪ್ಪು ಹಚ್ಚಿಟ್ಟ ಮಾಂಸವೂ ಸಾಸೇಜೂ ಇನ್ನೂ ಉಳಿದಿದ್ದುವು. ಅವುಗಳಲ್ಲಿಯೂ ಅದೇ ಹುಳು. ಮನೆಯವರಿಗೂ, ಹಂದಿ ಕೊಯ್ದ ಕಟುಕನಿಗೂ ಕಾಯಿಲೆಯಾಗಿತ್ತು. ಬರ್ಲಿನ್ನಿನ ರುಡಾಲ್ಫ್ ಫಿರ್ಖೊ ಮತ್ತು ರುಡಾಲ್ಫ್ ಲಾಯ್ಕಾರ್ಟ್ ಎಂಬ ವಿದ್ವಾಂಸರು ಅದೇ ಕಾಲದಲ್ಲಿ ಪ್ರಾಣಿಗಳಿಗೆ ಈ ಮಾಂಸವನ್ನು ತಿನ್ನಿಸಿ ಹುಳುವಿನ ಜೀವನಚರಿತ್ರೆಯನ್ನು ಬಿಡಿಸಿದರು. ಮಾಂಸದೊಡನೆ ಹೊಟ್ಟೆಗೆ ಹೋದ ಮರಿಹುಳು ಜಠರದಲ್ಲಿ ತನ್ನ ಕವಚವನ್ನು ಕಳಚಿಕೊಂಡು ಕೆಲವೇ ದಿನಗಳಲ್ಲಿ ಕರುಳಿನಲ್ಲಿ ಬಲಿಯುತ್ತದೆ. ಹೆಣ್ಣುಹುಳು ನೂರಾರು ಮರಿಗಳನ್ನು ಈಯುತ್ತದೆ. ಅವು ರಕ್ತದಲ್ಲಿ ಸಂಚರಿಸಿ ಸ್ನಾಯುಗಳನ್ನು ಹೊಕ್ಕು ನೆಲೆಸುತ್ತವೆ. ಮುಖ ಊದಿಕೊಳ್ಳುತ್ತದೆ, ಜ್ವರ ಬರುತ್ತದೆ, ಕೈಕಾಲು ಮಿಸುಕಲಾರದಷ್ಟು ನೋವು. ಹುಳುಗಳು ಬಹಳವಾದರೆ ಉಸಿರಾಟವೇ ನಿಲ್ಲುತ್ತದೆ.

ಹೆಡರ್ಸ್‌ಲೆಬೆನ್

ಇಷ್ಟು ತಿಳಿದ ಮೇಲಾದರೂ ಎಚ್ಚರ ಮೂಡಬೇಕಾಗಿತ್ತು. ಮೂಡಲಿಲ್ಲ. ೧೮೬೩ರಲ್ಲಿ ಹೆಟ್‌ಸ್ಟೆಟ್ ಎಂಬ ಊರಿನಲ್ಲಿ ನೂರೈವತ್ತಕ್ಕಿಂತ ಹೆಚ್ಚು ಜನ ಮಲಗಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎರಡು ವರ್ಷ ಕಳೆದು, ೧೮೬೫ರ ಶರತ್ಕಾಲದಲ್ಲಿ, ಪ್ರಷ್ಯಕ್ಕೆ ಸೇರಿದ ಸ್ಯಾಕ್ಸನಿಯ ಹೆಡರ್ಸ್‌ಲೆಬೆನ್ ಎಂಬ ಹಳ್ಳಿಯಲ್ಲಿ ದೊಡ್ಡ ದುರಂತವೇ ನಡೆಯಿತು. ಅದು ಸುಮಾರು ೨೦೦೦ ಜನ ವಾಸವಾಗಿದ್ದ ಊರು. ಆ ಭಾಗದ ಜನ ಹಂದಿಯ ಮಾಂಸವನ್ನು ನುಣ್ಣಗೆ ಕೊಚ್ಚಿ, ಉಪ್ಪು ಮೆಣಸು ಬೆರಸಿ, ಬೇಯಿಸದೆ ರೊಟ್ಟಿಯ ಮೇಲೆ ಸವರಿಕೊಂಡು ತಿನ್ನುತ್ತಿದ್ದರು. ಕೆಲಸಕ್ಕೆ ಹೋಗುವವರಿಗೆ ಒಲೆ ಹಚ್ಚುವ ತೊಂದರೆಯಿಲ್ಲದ ಊಟ ಅದು. ಕಟುಕನ ಅಂಗಡಿಯಿಂದ ಹೊರಟ ರೋಗದ ಮಾಂಸ ಹೀಗೆ ಮನೆಮನೆಯನ್ನು ಹೊಕ್ಕಿತು. ಮುನ್ನೂರಕ್ಕಿಂತ ಹೆಚ್ಚು ಜನ ರೋಗಕ್ಕೆ ತುತ್ತಾದರು. ಸುಮಾರು ನೂರು ಜನ ಸತ್ತರು. ಇಪ್ಪತ್ತು ಜನರಲ್ಲಿ ಒಬ್ಬನಂತೆ ಒಂದು ಊರು ಸಾಯುವುದೆಂದರೆ ಏನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆ ಜನರನ್ನು ಕೊಂದದ್ದು ಕೊಳೆತ ಮಾಂಸವಲ್ಲ. ಬಣ್ಣ, ವಾಸನೆ, ರುಚಿಗಳಲ್ಲಿ ಯಾವ ಕೊರತೆಯೂ ಇಲ್ಲದ ತಾಜಾ ಮಾಂಸ. ಕೌಟಿಲ್ಯನ ಸೂನಾಧ್ಯಕ್ಷನೇ ಅಲ್ಲಿ ನಿಂತಿದ್ದರೂ ತಲೆ, ಕಾಲುಗಳನ್ನು ನೋಡಿ ಒಪ್ಪಿಗೆ ಕೊಡುತ್ತಿದ್ದನು.

ಫಿರ್ಖೊ ಕೇವಲ ವಿಜ್ಞಾನಿಯಲ್ಲ. ಬರ್ಲಿನ್ ನಗರಸಭೆಯಲ್ಲಿಯೂ ಪ್ರಷ್ಯದ ಶಾಸನಸಭೆಯಲ್ಲಿಯೂ ಸದಸ್ಯನಾಗಿದ್ದವನು. ಕೊಯ್ದ ಪ್ರತಿಯೊಂದು ಹಂದಿಯ ಮಾಂಸವನ್ನೂ ಸೂಕ್ಷ್ಮದರ್ಶಕದಿಂದ ನೋಡಿದ ಹೊರತು ಮಾರಕೂಡದೆಂದು ಅವನು ಒತ್ತಾಯಪಡಿಸಿದ. ಕಟುಕರು ಕೆರಳಿದರು. ತಮ್ಮ ವ್ಯಾಪಾರ ಹಾಳಾಗುತ್ತದೆಂಬುದು ಅವರ ಅಳಲು. ಪಶುವೈದ್ಯರಲ್ಲಿಯೂ ಕೆಲವರು ಇದನ್ನು ಪ್ರಾಧ್ಯಾಪಕರ ಹುಚ್ಚೆಂದರು. ಇದೇ ಕಾಲಕ್ಕೆ ಸೇರಿದ ಒಂದು ಕಥೆಯನ್ನು ಕೆಲವರು ಕೇಳಿರಬಹುದು. ಪ್ರಧಾನಿ ಬಿಸ್ಮಾರ್ಕ್ ೧೮೬೫ರಲ್ಲಿ ಫಿರ್ಖೊನನ್ನು ದ್ವಂದ್ವಯುದ್ಧಕ್ಕೆ ಕರೆದಾಗ, ಅವನು ಎರಡು ಸಾಸೇಜುಗಳನ್ನು ಮುಂದಿಟ್ಟು, ಒಂದರಲ್ಲಿ ಟ್ರೈಕಿನ ಇದೆ, ನಿಮಗೆ ಬೇಕಾದುದನ್ನು ತಿನ್ನಿ, ಉಳಿದುದನ್ನು ನಾನು ತಿನ್ನುತ್ತೇನೆ ಎಂದನಂತೆ. ಬಿಸ್ಮಾರ್ಕ್ ಸವಾಲು ಹಾಕಿದ್ದು ನಿಜ, ಫಿರ್ಖೊ ಅದನ್ನು ನಿರಾಕರಿಸಿದ್ದೂ ನಿಜ. ಸಾಸೇಜಿನ ಭಾಗ ಮಾತ್ರ ಕಟ್ಟುಕಥೆ. ಆದರೂ ಜನ ಅದನ್ನು ಕಟ್ಟಿದರೆಂಬುದರಲ್ಲಿ ಒಂದು ಸತ್ಯವಿದೆ. ಕತ್ತಿಗಿಂತ ಪಿಸ್ತೂಲಿಗಿಂತ ಸಾಸೇಜು ಭಯಂಕರವೆಂದು ಆ ದಿನಗಳಲ್ಲಿ ತೋರಿತ್ತು!

ಹೊಸ ಬಗೆಯ ನೌಕರ

ಕೊನೆಗೆ ಸತ್ತವರ ಸಂಖ್ಯೆಯೇ ವಾದವನ್ನು ಗೆದ್ದಿತು. ೧೮೬೬ರಲ್ಲಿ ಬ್ರೌನ್‌ಷ್ವೈಗ್ ಸಂಸ್ಥಾನ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ೧೮೬೮ರ ಪ್ರಷ್ಯದ ಕಾನೂನು ಊರೂರಿಗೂ ಸಾರ್ವಜನಿಕ ಕಸಾಯಿಖಾನೆಯನ್ನು ಕಟ್ಟಿ, ಅದರ ಹೊರಗೆ ಪ್ರಾಣಿ ಕೊಯ್ಯುವುದನ್ನು ನಿಷೇಧಿಸುವ ಅಧಿಕಾರವನ್ನು ಕೊಟ್ಟಿತು. ೧೮೭೦ರ ದಶಕ ಮುಗಿಯುವ ವೇಳೆಗೆ ಪ್ರಷ್ಯದ ಬಹುಭಾಗದಲ್ಲಿ ‘ಟ್ರೈಕಿನ ನೋಡುವವನು’ ಎಂಬ ಹೊಸ ನೌಕರ ಹುಟ್ಟಿಕೊಂಡ. ಇಷ್ಟೊಂದು ಹಂದಿಗಳಿಗೆ ಸಾಕಾಗುವಷ್ಟು ಪಶುವೈದ್ಯರು ಎಲ್ಲಿಂದ ಬರಬೇಕು? ಆದುದರಿಂದ ಸಾಮಾನ್ಯ ಜನರಿಗೇ ಕೆಲವು ವಾರಗಳ ಶಿಕ್ಷಣ ಕೊಟ್ಟು, ಪರೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು ನೇಮಿಸಿದರು. ದೊಡ್ಡ ಕಸಾಯಿಖಾನೆಗಳಲ್ಲಿ ಹೆಂಗಸರೂ ಸಾಲಾಗಿ ಕುಳಿತು ಈ ಕೆಲಸ ಮಾಡುತ್ತಿದ್ದರು. ವಿಶ್ವವಿದ್ಯಾನಿಲಯದ ಬಾಗಿಲು ಹೆಂಗಸರಿಗೆ ಇನ್ನೂ ಸರಿಯಾಗಿ ತೆರೆಯದಿದ್ದ ಕಾಲದಲ್ಲಿ ಸೂಕ್ಷ್ಮದರ್ಶಕ ಅವರ ಕೈಗೆ ಬಂದದ್ದು ಹಂದಿಯ ದೆಸೆಯಿಂದ ಎಂಬುದು ಚರಿತ್ರೆಯ ವಿನೋದಗಳಲ್ಲೊಂದು.

ಪರೀಕ್ಷೆಯ ಕ್ರಮ ಹೀಗಿತ್ತು. ಎದೆಗೂ ಹೊಟ್ಟೆಗೂ ನಡುವಣ ತೆರೆಯಂತಿರುವ ವಪೆ ಎಂಬ ಸ್ನಾಯುವಿನಲ್ಲಿ ಟ್ರೈಕಿನಗಳು ವಿಶೇಷವಾಗಿ ನೆಲೆಸುತ್ತವೆ. ಅದರಿಂದ ಓಟ್ಸ್ ಕಾಳಿನಷ್ಟು ಸಣ್ಣ ತುಂಡುಗಳನ್ನು ಕತ್ತರಿಸಿ, ಎರಡು ದಪ್ಪ ಗಾಜಿನ ಪಟ್ಟಿಗಳ ನಡುವೆ ಸಾಲಾಗಿ ಜೋಡಿಸಿ, ತಿರುಪುಗಳಿಂದ ಬಿಗಿಯಬೇಕು. ಮಾಂಸ ಜಜ್ಜಿ ತೆಳುವಾಗಿ, ಅದರ ಮೂಲಕ ಅಚ್ಚಕ್ಷರ ಓದುವಷ್ಟು ಪಾರದರ್ಶಕವಾಗುತ್ತದೆ. ಆಮೇಲೆ ೩೦ರಿಂದ ೪೦ ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದಡಿಯಲ್ಲಿ ಒಂದೊಂದು ತುಂಡನ್ನೂ ಅಂಚಿನಿಂದ ಅಂಚಿಗೆ ನೋಡಬೇಕು. ನಿಂಬೆಹಣ್ಣಿನ ಆಕಾರದ ಕೋಶದೊಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಹುಳು ಕಂಡರೆ ಆ ಹಂದಿಗೆ ಮುದ್ರೆಯಿಲ್ಲ. ದಿನವಿಡೀ ನೋಡಿದರೂ ಏನೂ ಕಾಣದಿರುವುದೇ ಈ ಕೆಲಸದ ಸ್ವಭಾವ. ಸಾವಿರಾರು ಹಂದಿಗಳಲ್ಲಿ ಒಂದರಲ್ಲಿ ಹುಳು ಸಿಗಬಹುದು, ಸಿಗದಿರಬಹುದು. ಆ ಒಂದರ ಸಲುವಾಗಿ ಉಳಿದವನ್ನೆಲ್ಲ ಅಷ್ಟೇ ಎಚ್ಚರದಿಂದ ನೋಡಬೇಕು. ಇದಕ್ಕೆ ಬೇಕಾದುದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಶೀಲ ಎಂದೇ ಹೇಳಬೇಕು.

ಕಣ್ಣು, ಕೈ, ಚಾಕು

ಬರ್ಲಿನ್ನಿನ ಕೇಂದ್ರ ಕಸಾಯಿಖಾನೆ ೧೮೮೧ರಲ್ಲಿ ತೆರೆಯಿತು. ಈ ವಿಶಾಲವಾದ ಸಂಸ್ಥೆಗಳಲ್ಲಿ ಪರೀಕ್ಷೆ ಒಂದು ಶಾಸ್ತ್ರವಾಗಿ ಬೆಳೆಯಿತು. ಅದಕ್ಕೆ ಶಾಸ್ತ್ರದ ರೂಪ ಕೊಟ್ಟವನು ರಾಬರ್ಟ್ ಫಾನ್ ಆಸ್ಟರ್‌ಟಾಗ್ ಎಂಬ ಪಶುವೈದ್ಯ. ೧೮೯೨ರಲ್ಲಿ ಪ್ರಕಟವಾದ ಅವನ ಕೈಪಿಡಿ ಅನೇಕ ಭಾಷೆಗಳಿಗೆ ಅನುವಾದವಾಯಿತು. ೧೯೦೦ರ ಜೂನ್ ೩ರಂದು ಜರ್ಮನಿಗೆಲ್ಲ ಅನ್ವಯವಾಗುವಂತೆ ಹೊರಟ ಮಾಂಸಪರೀಕ್ಷಾ ಕಾನೂನಿನ ಹಿಂದೆಯೂ ಅವನ ವಿಚಾರಗಳಿದ್ದುವು.

ಮೊದಲ ಪರೀಕ್ಷೆ ಜೀವಂತ ಹಂದಿಗೆ. ನಡೆಯುವುದೇ, ಕುಂಟುವುದೇ, ಉಸಿರಾಟ ಹೇಗಿದೆ, ಮೈಮೇಲೆ ಹರಳಿನಾಕಾರದ ಕೆಂಪು ಗುರುತುಗಳುಂಟೇ ಎಂದು ನೋಡಬೇಕು. ಕೊಯ್ದ ಮೇಲೆ ತಲೆಯಿಂದ ಆರಂಭ. ಕೆಳದವಡೆಯ ಹಿಂದಣ ದುಗ್ಧಗ್ರಂಥಿಗಳನ್ನು ಸೀಳಿ ನೋಡಿದರೆ ಕ್ಷಯರೋಗದ ಗುರುತು ಸಿಗುತ್ತದೆ. ದವಡೆಯ ಸ್ನಾಯು, ನಾಲಗೆ, ಹೃದಯಗಳಲ್ಲಿ ಲಾಡಿಹುಳುವಿನ ಗಂಟುಗಳನ್ನು ಹುಡುಕಬೇಕು. ಹೃದಯವನ್ನು ತೆರೆದಾಗ ಕವಾಟಗಳ ಮೇಲೆ ಹೂಕೋಸಿನಂಥ ಬೆಳವಣಿಗೆ ಕಂಡರೆ ಅದು ಎರಿಸಿಪೆಲಸ್ ಎಂಬ ಸೋಂಕಿನದಾಗಿರಬಹುದು. ಪಿತ್ತಜನಕಾಂಗದ ಮೇಲಿನ ಹಾಲುಬಿಳಿಯ ಮಚ್ಚೆಗಳು ದುಂಡುಹುಳುವಿನ ಮರಿಗಳು ಹಾದುಹೋದ ದಾರಿ. ಮೂತ್ರಪಿಂಡದ ಮೇಲಿನ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಹಂದಿಜ್ವರದ ಸಂಶಯ ಹುಟ್ಟಿಸುತ್ತವೆ. ಶ್ವಾಸಕೋಶ, ಗುಲ್ಮ, ಕರುಳಿನ ಗ್ರಂಥಿ ಎಲ್ಲಕ್ಕೂ ಅದರದರ ಭಾಷೆಯುಂಟು. ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಒಂದಿದೆ. ಪರೀಕ್ಷೆ ಮುಗಿಯುವವರೆಗೆ ತಲೆ, ಒಳಾಂಗ, ದೇಹ ಮೂರೂ ಒಂದೇ ಹಂದಿಯವೆಂದು ಗುರುತು ಸಿಗುವಂತೆ ಇರಬೇಕು; ಬೇರ್ಪಡಿಸಿ ಕಲೆಸಬಾರದು. ತಲೆಯಿಲ್ಲದ ಮಾಂಸವನ್ನು ಮಾರಬೇಡವೆಂದ ನಮ್ಮ ಅರ್ಥಶಾಸ್ತ್ರಕಾರ ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದನೆಂದು ತೋರುತ್ತದೆ.

ಆ ಕಾನೂನಿನಲ್ಲಿ ಇನ್ನೊಂದು ವಿಶೇಷವಿತ್ತು. ಮಾಂಸವನ್ನು ಯೋಗ್ಯ, ಅಯೋಗ್ಯ ಎಂದು ಎರಡಾಗಿ ಒಡೆಯದೆ ನಡುವೆ ‘ಷರತ್ತಿನ ಮೇಲೆ ಯೋಗ್ಯ’ ಎಂಬ ವರ್ಗವನ್ನೂ ಇಟ್ಟಿದ್ದರು. ಅಲ್ಪಸ್ವಲ್ಪ ದೋಷವಿದ್ದು ಬೇಯಿಸಿದರೆ ನಿರಪಾಯವಾಗುವ ಮಾಂಸವನ್ನು, ಅಧಿಕಾರಿಗಳ ಎದುರಿನಲ್ಲಿ ಬೇಯಿಸಿ, ‘ಫ್ರೈಬಾಂಕ್’ ಎಂಬ ಪ್ರತ್ಯೇಕ ಮಳಿಗೆಯಲ್ಲಿ, ದೋಷವನ್ನು ಬಹಿರಂಗವಾಗಿ ತಿಳಿಸಿ, ಅಗ್ಗದ ಬೆಲೆಗೆ ಮಾರುತ್ತಿದ್ದರು. ಅಲ್ಲಿ ಸರತಿ ನಿಲ್ಲುತ್ತಿದ್ದವರು ಬಡವರು. ಉಳ್ಳವನ ತಟ್ಟೆಗೂ ಇಲ್ಲದವನ ತಟ್ಟೆಗೂ ವ್ಯತ್ಯಾಸವನ್ನು ಮುದ್ರೆಯೇ ಸಾರುತ್ತಿತ್ತು ಎಂದು ಆಕ್ಷೇಪಿಸಬಹುದು. ಆದರೆ ಅದೇ ಮಾಂಸವನ್ನು ಕತ್ತಲೆಯಲ್ಲಿ, ಸುಳ್ಳು ಹೇಳಿ, ಅದೇ ಬಡವರಿಗೆ ಮಾರುವ ಪದ್ಧತಿಗಿಂತ ಇದು ಎಷ್ಟೋ ಮೇಲು.

ಸಾಗರದಾಚೆ

ಪರೀಕ್ಷೆ ಆರೋಗ್ಯದ ಅಸ್ತ್ರವಾದಂತೆ ವ್ಯಾಪಾರದ ಅಸ್ತ್ರವೂ ಆಯಿತು. ಅಮೆರಿಕದ ಅಗ್ಗದ ಹಂದಿಮಾಂಸ ಯೂರೋಪಿಗೆ ಹರಿದು ಬರುತ್ತಿದ್ದಾಗ, ೧೮೭೯ರಿಂದ ಮೊದಲುಗೊಂಡು ಇಟಲಿ, ಜರ್ಮನಿ, ಫ್ರಾನ್ಸ್ ದೇಶಗಳು ಟ್ರೈಕಿನದ ಕಾರಣ ಹೇಳಿ ಒಂದೊಂದಾಗಿ ಬಾಗಿಲು ಮುಚ್ಚಿದುವು. ಹುಳುವಿನ ಭಯವೂ ನಿಜ, ತಮ್ಮ ರೈತರನ್ನು ಕಾಪಾಡುವ ಹಂಚಿಕೆಯೂ ನಿಜ. ಅಮೆರಿಕ ೧೮೮೪ರಲ್ಲಿ ಪ್ರಾಣಿ ಉದ್ಯಮದ ಕೇಂದ್ರ ಇಲಾಖೆಯೊಂದನ್ನು ತೆರೆದು, ಡೇನಿಯಲ್ ಸಾಲ್ಮನ್ ಎಂಬ ಪಶುವೈದ್ಯನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ೧೮೯೦ ಮತ್ತು ೧೮೯೧ರ ಕಾನೂನುಗಳ ಮೂಲಕ ಪರೀಕ್ಷೆ ಬಂದಿತು. ಷಿಕಾಗೋವಿನಲ್ಲಿಯೂ ಹೆಂಗಸರು ಸೂಕ್ಷ್ಮದರ್ಶಕಗಳ ಮುಂದೆ ಕುಳಿತರು. ೧೮೯೧ರಲ್ಲಿ ಜರ್ಮನಿ ನಿಷೇಧವನ್ನು ತೆಗೆದುಹಾಕಿತು. ಆದರೆ ಈ ಸೂಕ್ಷ್ಮದರ್ಶಕ ಪರೀಕ್ಷೆ ರಫ್ತಾಗುವ ಮಾಂಸಕ್ಕೆ ಮಾತ್ರ ಇತ್ತೆಂಬುದನ್ನು ಮರೆಯಬಾರದು. ಪರದೇಶದವನ ತಟ್ಟೆಗೆ ಹೋಗುವ ತುಂಡಿಗೆ ಗಾಜಿನ ಕಣ್ಣು. ಸ್ವದೇಶದವನಿಗೆ ಅದೂ ಇಲ್ಲ!

ಅಪ್ಟನ್ ಸಿಂಕ್ಲೇರನ ‘ದಿ ಜಂಗಲ್’ ಕಾದಂಬರಿ ೧೯೦೬ರಲ್ಲಿ ಷಿಕಾಗೋ ಕಸಾಯಿಖಾನೆಗಳ ಹೊಲಸನ್ನು ಬಯಲಿಗೆಳೆದಾಗ ದೇಶವೇ ತಲ್ಲಣಿಸಿತು. ತಾನು ಕೂಲಿಕಾರರ ಬವಣೆಯನ್ನು ಕಂಡು ಜನ ಮರುಗಲೆಂದು ಬರೆದರೆ, ಅವರು ತಮ್ಮ ಹೊಟ್ಟೆಯ ಚಿಂತೆಗೆ ಬಿದ್ದರಲ್ಲಾ ಎಂದು ಆತ ಪರಿತಪಿಸಿದ್ದುಂಟು. ಅದೇ ವರ್ಷ ಜೂನ್ ೩೦ರಂದು ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನು ಕಸಾಯಿಖಾನೆಗಳಲ್ಲಿ ಸರ್ಕಾರದ ಪರೀಕ್ಷಕರನ್ನು ನಿಲ್ಲಿಸಿತು. ಆಶ್ಚರ್ಯವೆಂದರೆ ಅದೇ ವರ್ಷ ಅಮೆರಿಕ ಟ್ರೈಕಿನದ ಸೂಕ್ಷ್ಮದರ್ಶಕ ಪರೀಕ್ಷೆಯನ್ನು ಕೈಬಿಟ್ಟಿತು. ಹುಳುಗಳು ಕಡಮೆಯಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ. ಮುದ್ರೆಯನ್ನು ನಂಬಿ ಜನ ಹಸಿಯಾಗಿ ತಿಂದರೆ ಅಪಾಯವೇ ಹೆಚ್ಚು. ಚೆನ್ನಾಗಿ ಬೇಯಿಸಿಕೊಳ್ಳಿರೆಂದು ಹೇಳುವುದೇ ಲೇಸು ಎಂಬುದು ಅಲ್ಲಿಯ ವಾದ. ಜರ್ಮನಿಯಲ್ಲಿ ಹೊಣೆ ಸರ್ಕಾರದ್ದು, ಅಮೆರಿಕದಲ್ಲಿ ಅಡುಗೆಮನೆಯದು. ಫಲವೇನಾಯಿತು? ೧೯೪೦ರ ಸುಮಾರಿಗೆ ಅಮೆರಿಕದಲ್ಲಿ ಶವಗಳನ್ನು ಪರೀಕ್ಷಿಸಿದಾಗ ಹೆಚ್ಚು ಕಡಮೆ ಆರರಲ್ಲಿ ಒಬ್ಬರ ಸ್ನಾಯುವಿನಲ್ಲಿ ಟ್ರೈಕಿನ ಇತ್ತು. ಅದು ಇಳಿಮುಖವಾದದ್ದು ೧೯೫೦ರ ದಶಕದಲ್ಲಿ, ಹಂದಿಗಳಿಗೆ ಹಾಕುವ ಊಟದ ಕಸವನ್ನು ಬೇಯಿಸಿಯೇ ಹಾಕಬೇಕೆಂಬ ನಿಯಮಗಳು ಬಂದ ಮೇಲೆ. ಮನೆಮನೆಗೆ ಶೀತಕ ಪೆಟ್ಟಿಗೆ ಬಂದುದೂ ಸಹಾಯವಾಯಿತು. ರೋಗದ ಬೀಗದ ಕೈ ಪರೀಕ್ಷೆಯ ಮೇಜಿನ ಮೇಲಿರದೆ ಹಂದಿಯ ಮೇವಿನ ದೋಣಿಯಲ್ಲಿತ್ತು.

ಕೆಳಗಿಟ್ಟ ಚಾಕು

ಗಾಜಿನ ಪಟ್ಟಿಯ ವಿಧಾನವೂ ಯೂರೋಪಿನಲ್ಲಿ ಕ್ರಮೇಣ ಹಿಂದೆ ಸರಿಯಿತು. ಅದರ ಸ್ಥಾನಕ್ಕೆ ಬಂದ ಕ್ರಮ ಸರಳವೂ ಜಾಣತನದ್ದೂ ಆಗಿದೆ. ನೂರು ಹಂದಿಗಳ ವಪೆಯಿಂದ ಒಂದೊಂದು ಗ್ರಾಂ ತೆಗೆದು, ಒಟ್ಟು ೧೦೦ ಗ್ರಾಂ ಮಾಂಸವನ್ನು ರುಬ್ಬಿ, ಎರಡು ಲೀಟರ್ ಬೆಚ್ಚನೆಯ ನೀರಿಗೆ ಹಾಕುತ್ತಾರೆ. ಅದಕ್ಕೆ ಜಠರದಲ್ಲಿರುವಂಥದೇ ಆಮ್ಲವನ್ನೂ ಪೆಪ್ಸಿನ್ನನ್ನೂ ಸೇರಿಸಿ, ಸುಮಾರು ೪೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಕಲಕುತ್ತಾರೆ. ಮಾಂಸ ಕರಗಿ ಹೋಗುತ್ತದೆ; ಹುಳುವಿದ್ದರೆ ಕರಗದೆ ತಳಕ್ಕೆ ಇಳಿಯುತ್ತದೆ. ತಳದ ದ್ರವವನ್ನು ಮಾತ್ರ ನೋಡಿದರಾಯಿತು. ಹುಳು ಸಿಕ್ಕಿದರೆ ನೂರನ್ನು ಐದೈದರ ಗುಂಪು ಮಾಡಿ, ಆಮೇಲೆ ಒಂದೊಂದಾಗಿ ಪರೀಕ್ಷಿಸಿ, ತಪ್ಪಿತಸ್ಥ ಹಂದಿಯನ್ನು ಹಿಡಿಯುತ್ತಾರೆ. ಮನುಷ್ಯನ ಜಠರದಲ್ಲಿ ನಡೆಯುವ ಕ್ರಿಯೆಯನ್ನೇ ಪಾತ್ರೆಯಲ್ಲಿ ನಡೆಸಿ, ಹುಳುವನ್ನು ಮೋಸಗೊಳಿಸುವ ಉಪಾಯವಿದು.

ಚಾಕುವಿಗೂ ಇದೇ ಗತಿಯಾಯಿತು. ಸಾಲ್ಮನ್ನನ ಇಲಾಖೆಯಲ್ಲಿ ೧೮೮೫ರ ಸುಮಾರಿಗೆ ಹಂದಿಗಳಿಂದಲೇ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಕ್ಕೆ ಅವನ ಗೌರವಾರ್ಥವಾಗಿ ಸಾಲ್ಮೊನೆಲ ಎಂದು ಹೆಸರಾಯಿತು. ಈ ಜಾತಿಯ ಜೀವಿಗಳು ಆರೋಗ್ಯವಾಗಿ ಕಾಣುವ ಹಂದಿಯ ಗಂಟಲಿನಲ್ಲಿಯೂ ಕರುಳಿನಲ್ಲಿಯೂ ಇರುತ್ತವೆ. ಯಾವ ಗಂಟನ್ನೂ ಮಚ್ಚೆಯನ್ನೂ ತೋರುವುದಿಲ್ಲ. ಕ್ಷಯವನ್ನು ಹುಡುಕಲೆಂದು ಪರೀಕ್ಷಕನು ಒಂದು ಹಂದಿಯ ಗ್ರಂಥಿಯನ್ನು ಸೀಳಿದ ಚಾಕುವೇ ಮುಂದಿನ ಹಂದಿಗೆ ಈ ಸೋಂಕನ್ನು ಅಂಟಿಸಬಹುದೆಂದು ಕಂಡುಬಂದಿತು. ಇತ್ತ ಸಾಕಣೆ ಸುಧಾರಿಸಿ ಹಂದಿಗಳಲ್ಲಿ ಕ್ಷಯ ಅಪರೂಪವಾಗಿತ್ತು. ಆದುದರಿಂದ ೨೦೧೪ರ ಜೂನ್‌ನಿಂದ ಯೂರೋಪಿಯನ್ ಒಕ್ಕೂಟದಲ್ಲಿ ಸಾಮಾನ್ಯವಾಗಿ ಕೊಯ್ದ ಹಂದಿಯನ್ನು ಕಣ್ಣಿನಿಂದ ನೋಡಿದರೆ ಸಾಕು, ಸಂಶಯವಿದ್ದಲ್ಲಿ ಮಾತ್ರ ಮುಟ್ಟಿ, ಸೀಳಿ ನೋಡಬೇಕು ಎಂಬ ನಿಯಮ ಬಂದಿತು. ನೂರು ವರ್ಷ ಜನರನ್ನು ಕಾಪಾಡಿದ ಚಾಕುವನ್ನು, ಅದೇ ಜನರನ್ನು ಕಾಪಾಡಲೆಂದೇ ಕೆಳಗಿಡಬೇಕಾಯಿತು.

ನಮಗೆ ಇದರಲ್ಲೇನು?

ಇನ್ನು ಆರಂಭದಲ್ಲಿ ಕೊಟ್ಟ ಮಾತಿಗೆ ಬರೋಣ. ಕೊಡಗಿನಲ್ಲಿ ಹಂದಿಯ ಪದಾರ್ಥವಿಲ್ಲದೆ ಹಬ್ಬವಿಲ್ಲ, ಕರಾವಳಿಯ ಕ್ರೈಸ್ತರ ಮದುವೆಯ ಊಟದಲ್ಲಿಯೂ ಅದಕ್ಕೆ ಸ್ಥಾನವುಂಟು. ಇಲ್ಲೆಲ್ಲ ಚೆನ್ನಾಗಿ ಬೇಯಿಸಿ ತಿನ್ನುವ ಪದ್ಧತಿಯಿರುವುದು ದೊಡ್ಡ ರಕ್ಷಣೆ. 

ಆದರೆ ಲಾಡಿಹುಳುವಿಗೆ ಇನ್ನೊಂದು ದಾರಿಯಿದೆ. ಬೇಯದ ಮಾಂಸದ ಗಂಟನ್ನು ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಅವನ ಮಲದೊಡನೆ ಹೊರಬೀಳುತ್ತವೆ. ಬಯಲಿನಲ್ಲಿ ಅದನ್ನು ತಿಂದ ಹಂದಿಗೆ ಮತ್ತೆ ಗಂಟು. ಆದರೆ ಆ ಮೊಟ್ಟೆಗಳು ನೀರಿನ ಮೂಲಕ, ಸೊಪ್ಪಿನ ಮೂಲಕ, ತೊಳೆಯದ ಕೈಯ ಮೂಲಕ ಮನುಷ್ಯನ ಹೊಟ್ಟೆಯನ್ನು ಸೇರಿದರೆ, ಹಂದಿಯಲ್ಲಿ ಆಗುವ ಗಂಟು ಮನುಷ್ಯನಲ್ಲಿಯೇ ಆಗುತ್ತದೆ. ಅದು ಮಿದುಳಿಗೆ ಹೋದರೆ ಮೂರ್ಛೆರೋಗ. ಇಂಡಿಯದಲ್ಲಿ ಸೇವೆ ಮಾಡಿ ಮರಳಿದ ಬ್ರಿಟಿಷ್ ಸೈನಿಕರಲ್ಲಿ ವರ್ಷಗಳ ತರುವಾಯ ಕಾಣಿಸಿಕೊಳ್ಳುತ್ತಿದ್ದ ಮೂರ್ಛೆಗೆ ಇದೇ ಕಾರಣವೆಂದು ೧೯೩೦ರ ದಶಕದಲ್ಲಿ ಲಂಡನ್ನಿನ ಸೈನಿಕ ವೈದ್ಯ ಮೆಕಾರ್ಥರ್ ತೋರಿಸಿಕೊಟ್ಟ. ಇಂಥ ೪೫೦ ರೋಗಿಗಳ ವರದಿ ೧೯೬೧ರಲ್ಲಿ ಪ್ರಕಟವಾಯಿತು. ಮಿದುಳಿನ ಸ್ಕ್ಯಾನ್ ಯಂತ್ರಗಳು ಬಂದ ಮೇಲೆ, ಕ್ಷಯದ ಗಂಟೆಂದು ತಿಳಿದಿದ್ದ ಎಷ್ಟೋ ಸಣ್ಣ ಗುರುತುಗಳು ಈ ಹುಳುವಿನವೇ ಎಂದು ವೆಲ್ಲೂರಿನ ವೈದ್ಯರು ಕಂಡುಕೊಂಡರು. ಬೆಂಗಳೂರಿನ ನರರೋಗ ತಜ್ಞರಿಗೂ ಈ ಕಾಯಿಲೆ ಹೊಸದಲ್ಲ. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಕೋಸಂಬರಿಗೆ ಹಾಕಿದ ಸೊಪ್ಪು ಚೆನ್ನಾಗಿ ತೊಳೆಯದೆ ಉಳಿದರೆ, ಊರಾಚೆ ಪರೀಕ್ಷೆಯಿಲ್ಲದೆ ಕೊಯ್ದ ಹಂದಿಗೂ ನಮಗೂ ನೆಂಟಸ್ತಿಕೆ ಬೆಳೆದಂತೆಯೇ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ೨೦೦೧ರ ಕಸಾಯಿಖಾನೆ ನಿಯಮಗಳ ಪ್ರಕಾರ ಪಶುವೈದ್ಯನು ಗಂಟೆಗೆ ೧೨ಕ್ಕಿಂತ, ದಿನಕ್ಕೆ ೯೬ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಕೂಡದು. ಒಂದೊಂದಕ್ಕೂ ಐದು ನಿಮಿಷವಾದರೂ ಸಿಗಲೆಂಬುದು ಇದರ ಆಶಯ. ಆದರೆ ಹಂದಿ ಎಂದರೆ ಮೂಗು ಮುರಿಯುವ ನಮ್ಮ ಸಮಾಜದಲ್ಲಿ, ಅದನ್ನು ಸಾಕುವವನೂ ಕೊಯ್ಯುವವನೂ ಊರಿನ ಅಂಚಿಗೆ ಸರಿದು, ಆ ಕೆಲಸ ಬಹುಮಟ್ಟಿಗೆ ಪಶುವೈದ್ಯನ ಕಣ್ಣಿನಾಚೆಯೇ ನಡೆಯುತ್ತದೆ. ಮೂಗು ಮುರಿಯುವುದರಿಂದ ಹುಳುವಿಗೆ ಏನೂ ನಷ್ಟವಿಲ್ಲ. ಹೆಡರ್ಸ್‌ಲೆಬೆನ್ ಕಲಿಸಿದ ಪಾಠ ಇದೇ ಅಲ್ಲವೇ? ಕಾಣದಿರುವುದೆಲ್ಲ ಇಲ್ಲದಿರುವುದಲ್ಲ, ನಾವು ನೋಡಲೊಲ್ಲದುದೂ ನಮ್ಮ ಮನೆಗೆ ಬರಬಲ್ಲದು. ಬೇರೆಯವರ ತಟ್ಟೆಯ ಮೇಲೂ ಒಂದು ಎಚ್ಚರದ ಕಣ್ಣಿದ್ದರೆ ಮಾತ್ರ ನಮ್ಮ ತಟ್ಟೆಯೂ ಕ್ಷೇಮ. ಮಾಂಸದ ಮೇಲಿನ ಆ ನೀಲಿ ಮುದ್ರೆಯನ್ನು ಕಟುಕನ ಅಂಗಡಿಯ ಗುರುತೆಂದು ತಿಳಿಯದೆ, ಪರಸ್ಪರ ಪರಿಚಯವಿಲ್ಲದ ಜನ ಒಂದೇ ಊರಿನಲ್ಲಿ ಬಾಳಬೇಕಾದಾಗ ಒಬ್ಬರಿಗೊಬ್ಬರು ಬರೆದುಕೊಟ್ಟ ಮುಚ್ಚಳಿಕೆಯೆಂದು ತಿಳಿಯುವುದು ಒಳ್ಳೆಯದು.